ಬ್ರೌಸರ್ ಯಾವುದಾದ್ರೇನು, ಅಕ್ಷರ ಉಳಿಯುತ್ತಾ ಹೇಳಿ!

ನಮ್ಮ ಸಾಫ್ಟ್‌ವೇರ್ ಮಂದಿಗೆ ಮಧ್ಯಾಹ್ನದ ಊಟ ಜೀರ್ಣ ಆಗ್ಬೇಕಾದ್ರೆ ಒಂದು ಜಗಳ ಬೇಕು. ಕ್ರೋಮ್ ಮೇಲೋ ಫೈರ್‌ಫಾಕ್ಸ್ ಮೇಲೋ, ವಿಂಡೋಸಾ ಲಿನಕ್ಸಾ, ಮೈಕ್ರೋಸಾಫ್ಟು ಕೆಟ್ಟದ್ದಾ ಗೂಗಲ್ಲು ಇನ್ನೂ ಕೆಟ್ಟದ್ದಾ... ಈಚೆಗೆ ಇದಕ್ಕೆ ಸ್ವದೇಶಿ ಜೋಹೋ ಕೂಡ ಸೇರಿಕೊಂಡಿದೆ. ತಟ್ಟೆ ಖಾಲಿಯಾದ್ರೂ ವಾದ ಖಾಲಿಯಾಗೋದಿಲ್ಲ. ಹುಂಜದ ಅಂಕಕ್ಕೆ ನಿಂತವರ ಹಾಗೆ ಒಬ್ಬೊಬ್ಬರೂ ಒಂದೊಂದು ಕಂಪನಿಯ ಪರ ನಿಂತುಬಿಡ್ತಾರೆ, ಆ ಕಂಪನಿ ಇವರ ಹೆಸರು ಕೇಳಿದ್ದೂ ಇಲ್ಲ, ಇವರಿಗೆ ಷೇರು ಕೊಟ್ಟದ್ದೂ ಇಲ್ಲ :-)

ನನಗಂತೂ ಇದೆಲ್ಲ ತಪ್ಪು ಜಾಗದಲ್ಲಿ ನಡೆಯೋ ಜಗಳ ಅನ್ಸುತ್ತೆ. ಯಾವ ಕಂಪನಿ ಒಳ್ಳೆಯದು ಅನ್ನೋದು ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತೆ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಇವತ್ತು ನಾನು ಬರೆದ ಕಡತ, ಮಾಡಿದ ಪುಟ, ಇಪ್ಪತ್ತು ವರ್ಷದ ನಂತರ ಬೇರೆ ಯಂತ್ರದಲ್ಲಿ, ಬೇರೆ ಕಂಪನಿಯ ತಂತ್ರಾಂಶದಲ್ಲಿ ತೆರೆಯುತ್ತಾ? ಈ ಪ್ರಶ್ನೆಯ ಬೆಲೆ ಏನು ಅಂತ ಅಮೆರಿಕದವನಿಗೆ ಗೊತ್ತಿರ್ಲಿಕ್ಕಿಲ್ಲ. ಅವನ ಅಕ್ಷರ ಎಲ್ಲ ಯಂತ್ರದಲ್ಲೂ ಮೊದಲ ದಿನದಿಂದ ಇತ್ತು. ಕನ್ನಡದವರಿಗೆ ಗೊತ್ತಿರ್ಲೇಬೇಕು, ಯಾಕಂದ್ರೆ ನಾವು ಅದರ ದಂಡ ಇವತ್ತಿಗೂ ಕಟ್ತಾ ಇದ್ದೇವೆ.

ಹೇಗೆ ಅಂತ ಹೇಳ್ತೇನೆ. ಊರಲ್ಲಿ (ಕೊಕ್ಕರ್ಣೆ, ಬ್ರಹ್ಮಾವರದಿಂದ ಒಳಗೆ) ಅಪ್ಪಯ್ಯನ ಮೊಬೈಲಿಗೆ ಊರ ಕಡೆಯ ಒಂದು ಕಛೇರಿಯಿಂದ ವಾಟ್ಸಾಪಿನಲ್ಲಿ ಒಂದು ವರ್ಡ್ ಕಡತ ಬಂತು. ಮಹಾಸಭೆಯ ನೋಟೀಸಂತೆ. ತೆರೆದು ನೋಡಿದ್ರೆ ತಲೆ ಮೇಲೆ ಚುಕ್ಕಿ, ಗೀಟು, ಟೊಪ್ಪಿ ಹಾಕ್ಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ. "ಹ್ವಾಯ್, ಇದ್ ಎಂತದಾ ಮಾರಾಯ? ಓದೂಕೇ ಆತಿಲ್ಲೆ" ಅಂತ ನನಗೆ ಫೋನು. ಮಗ ಬೆಂಗಳೂರಲ್ಲಿ ಕಂಪ್ಯೂಟರ್ ಇಂಜಿನಿಯರ್ ಅಲ್ವಾ, ಓದಿ ಹೇಳ್ಬೇಕು ತಾನೇ! ಕಡತ ತರಿಸಿಕೊಂಡು, ಯುನಿಕೋಡಿಗೆ ಪರಿವರ್ತಿಸಿ ವಾಪಸು ಕಳಿಸಿದೆ. ಐದು ನಿಮಿಷದ ಕೆಲಸ. ಆದ್ರೆ ಅದೇ ನೋಟೀಸು ಹೋದ ಉಳಿದ ಸದಸ್ಯರ ಮನೆಯಲ್ಲೆಲ್ಲ ಐದು ನಿಮಿಷ ಕೂತು ಪರಿವರ್ತಿಸಿ ಕೊಡೋ ಮಗ ಇರ್ತಾನಾ?

ಆ ಕಡತದಲ್ಲಿ ವೈರಸ್ ಇರಲಿಲ್ಲ, ಅದು ಹಾಳೂ ಆಗಿರಲಿಲ್ಲ. ನಿಜ ಹೇಳ್ಬೇಕಂದ್ರೆ ಅದರಲ್ಲಿ ಕನ್ನಡವೇ ಇರಲಿಲ್ಲ! ಹಳೆಯ ನುಡಿ, ಬರಹ, ಶ್ರೀಲಿಪಿ, ಆಕೃತಿ ಇವೆಲ್ಲ ಕನ್ನಡ ತೋರಿಸಿದ್ದು ಒಂದು ಉಪಾಯದಿಂದ. ಕಂಪ್ಯೂಟರಿಗೆ ಗೊತ್ತಿದ್ದದ್ದು ಒಂದು ಬೈಟಿನ 256 ಸಂಕೇತಗಳು, ಅದೂ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದವು. ನಮ್ಮವರು ಅಕ್ಷರದ ಆಕಾರಗಳನ್ನು ತುಂಡು ಮಾಡಿ (ತಲೆಕಟ್ಟು, ಕೊಂಬು, ಒತ್ತು, ಗುಡಿಸು...) ಆ ಯುರೋಪಿಯನ್ ಅಕ್ಷರಗಳ ಜಾಗದಲ್ಲಿ ಫಾಂಟಿನೊಳಗೆ ಕೂರಿಸಿದರು. ಕಡತದ ಒಳಗಿರೋದು ಪರಂಗಿ ಅಕ್ಷರ, ಮೇಲಿಂದ ಫಾಂಟು ಹಾಕಿರೋದು ಕನ್ನಡದ ವೇಷ. ಬಣ್ಣ ತೆಗೆದರೆ ಯಕ್ಷಗಾನದ ಕೌರವ ಮತ್ತೆ ನಮ್ಮೂರಿನ ಮೇಳದ ಕಲಾವಿದನೇ ಅಲ್ವಾ, ಹಾಗೆ. ಫಾಂಟಿಲ್ಲದ ಮೊಬೈಲಿನಲ್ಲಿ ವೇಷ ಕಳಚಿ ಬೀಳುತ್ತೆ, ಅಷ್ಟೇ.

ಹಾಗಂತ ಆ ಉಪಾಯ ಮಾಡಿದವರನ್ನು ಬೈಯೋದು ಅನ್ಯಾಯ. ಶೇಷಾದ್ರಿವಾಸು ಅವರ ಬರಹ ಬಂದದ್ದು 1998ರಲ್ಲಿ. ಆಗ ವಿಂಡೋಸಿನಲ್ಲಿ ಕನ್ನಡವೇ ಇರಲಿಲ್ಲ. ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳದ ಕೆ.ಪಿ. ರಾಯರು ಇಂಗ್ಲಿಷ್ ಕೀಲಿಮಣೆಯ ಮೇಲೇ ಕನ್ನಡ ಟೈಪು ಮಾಡೋ ವಿನ್ಯಾಸ ಕೊಟ್ಟರು, ನಾನು ಇದನ್ನು ಕುಟ್ತಾ ಇರೋದೂ ಆ ಜಾಡಿನಲ್ಲೇ. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕೆ ನುಡಿ ಮಾಡಿಕೊಟ್ಟಿತು, ಅದು ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಕಂಪ್ಯೂಟರಿನಲ್ಲಿ ಕನ್ನಡ ಬರದಿದ್ದರೆ ಭಾಷೆಗೆ ಉಳಿಗಾಲವಿಲ್ಲ ಅಂತ ಪೂರ್ಣಚಂದ್ರ ತೇಜಸ್ವಿಯವರು ಕೊನೆಯವರೆಗೂ ಹೇಳ್ತಾ ಬಂದರು. ಇವರೆಲ್ಲ ಇಲ್ಲದಿದ್ದರೆ ನಾವು ಇಂಗ್ಲಿಷಿನಲ್ಲೇ ಅರ್ಜಿ ಗುಜರಾಯಿಸಬೇಕಿತ್ತು. ದೋಣಿ ಇಲ್ಲದ ಹೊಳೆಗೆ ಅವರು ಕಟ್ಟಿದ್ದು ಸಂಕ. ಪ್ರಶ್ನೆ ಇರೋದು, ಕಾಂಕ್ರೀಟ್ ಸೇತುವೆ ಬಂದ ಮೇಲೂ ನಾವು ಯಾಕೆ ಸಂಕದ ಮೇಲೇ ಲಾರಿ ಓಡಿಸ್ತಾ ಇದ್ದೇವೆ ಅನ್ನೋದು.

ಸೇತುವೆ ಯಾವತ್ತೋ ಬಂದಿತ್ತು ಸ್ವಾಮಿ. ಯುನಿಕೋಡಿನ ಮೊದಲ ಆವೃತ್ತಿ 1991ರದ್ದು, ಕನ್ನಡಕ್ಕೆ ಅದರಲ್ಲಿ ಆಗಲೇ ಸ್ವಂತ ಮನೆ ಸಿಕ್ಕಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನ ಜೊತೆ ಕನ್ನಡ ಬೆಂಬಲವೂ ಬಂತು (ಅದನ್ನು ಸಕ್ರಿಯ ಮಾಡ್ಲಿಕ್ಕೆ ಸಿಡಿ ಹಾಕಬೇಕಿತ್ತು, ಆ ಸಿಡಿ ಯಾರ ಹತ್ರವೂ ಇರ್ತಿರಲಿಲ್ಲ ಅನ್ನೋದು ಬೇರೆ ಮಾತು). ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯ್ತು, ಯುನಿಕೋಡಿನಲ್ಲಿ. ಈಗ ನೋಡಿ ತಮಾಷೆ. ಆ ಕಾಲಕ್ಕೆ ವಿಕಿಪೀಡಿಯದಲ್ಲಿ ಯಾರೋ ಕೂತು ಕುಟ್ಟಿದ ನಾಲ್ಕು ಸಾಲು ಇವತ್ತಿನ ಅತಿ ಅಗ್ಗದ ಮೊಬೈಲಿನಲ್ಲೂ ಓದಬಹುದು, ಗೂಗಲಿಸಿದರೆ ಸಿಗುತ್ತೆ, ಕುರುಡರಿಗೆ ಯಂತ್ರ ಓದಿ ಹೇಳುತ್ತೆ. ಅದೇ ಕಾಲದಲ್ಲಿ ಹಳೆಯ ಫಾಂಟಿನಲ್ಲಿ ಕುಟ್ಟಿದ ನಡಾವಳಿ, ಸುತ್ತೋಲೆ, ಸ್ಮರಣ ಸಂಚಿಕೆಗಳು ಫ್ಲಾಪಿ, ಸಿಡಿಗಳಲ್ಲಿ ವೇಷ ಕಳಚಿಕೊಂಡು ಮಲಗಿವೆ. ಎರಡನ್ನೂ ಬರೆದವರು ಕನ್ನಡದವರೇ. ಒಂದು ಮುಕ್ತ ಶಿಷ್ಟತೆಯ ಮೇಲೆ ನಿಂತಿತ್ತು, ಇನ್ನೊಂದು ಒಂದು ಫಾಂಟಿನ ಮೇಲೆ.

ಬ್ರೌಸರಿನ ಕಥೆಯೂ ಇದೇ. ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಬಂದದ್ದು 2001ರಲ್ಲಿ, ನಂತರದ 7ನೆಯದು 2006ರ ಅಕ್ಟೋಬರಿನಲ್ಲಿ. ನಡುವೆ ಐದು ವರ್ಷ! ಎದುರಾಳಿ ನೆಟ್‌ಸ್ಕೇಪ್ ಮಲಗಿಬಿಟ್ಟಿತ್ತಲ್ಲ, ಇನ್ನು ಓಡೋದು ಯಾರಿಗಾಗಿ? ಆಗ ಜಗತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಬಳಸ್ತಿದ್ದದ್ದು ಅದನ್ನೇ. ಕನ್ನಡ ಪತ್ರಿಕೆಗಳ ಜಾಲತಾಣಗಳೂ ಆ ಕಾಲದಲ್ಲಿ ಪುಟದ ಜೊತೆಗೇ ಫಾಂಟು ಕಳಿಸೋ ಒಂದು ವಿಧಾನ ಹಿಡಿದಿದ್ದವು. ಆ ವಿಧಾನ ಮೈಕ್ರೋಸಾಫ್ಟಿನದ್ದು, ಎಕ್ಸ್‌ಪ್ಲೋರರಿನಲ್ಲಿ ಮಾತ್ರ ಕೆಲಸ ಮಾಡ್ತಿತ್ತು. ಬೇರೆ ಬ್ರೌಸರಿನಲ್ಲಿ ತೆರೆದವನಿಗೆ ಮತ್ತದೇ ಟೊಪ್ಪಿ ಹಾಕಿದ ಅಕ್ಷರ. "ಈ ತಾಣವನ್ನು ಎಕ್ಸ್‌ಪ್ಲೋರರಿನಲ್ಲಿ, 800x600ರಲ್ಲಿ ನೋಡಿ" ಅನ್ನೋ ಸಾಲು ಪುಟದಡಿ ಎಷ್ಟು ಕಡೆ ಇರ್ತಿತ್ತು ಅಂತ ನಮ್ಮ ಸೀನಿಯರುಗಳನ್ನು ಕೇಳಿ.

2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 1.0 ಬಂತು. ಅದರ ಅಭಿಮಾನಿಗಳು ಹೇಳದ ಒಂದು ವಿಷಯ ಹೇಳ್ಬೇಕು: ಕನ್ನಡದ ಮಟ್ಟಿಗೆ ಅದೇನೂ ದೇವರಾಗಿ ಬಂದಿರಲಿಲ್ಲ. ಎರಡೂ ಅಂಚು ಸಮ ಮಾಡಿ ಜೋಡಿಸಿದ ಪುಟವಾದ್ರೆ ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾಗ್ತಿದ್ದವು. 2008ರ ಜೂನಿನಲ್ಲಿ 3ನೇ ಆವೃತ್ತಿ ಬಂದ ಮೇಲೆ ಅದು ಸರಿಯಾದದ್ದು. ಅಂದ್ರೆ ಒಳ್ಳೆಯ ಬ್ರೌಸರಿನಲ್ಲೂ ದೋಷ ಇತ್ತು. ಆದರೆ ವ್ಯತ್ಯಾಸ ಇಲ್ಲಿದೆ ನೋಡಿ. ಪುಟ ಯುನಿಕೋಡಿನಲ್ಲಿದ್ದರೆ ಬ್ರೌಸರು ಸರಿಯಾದ ದಿನ ಹಳೇ ಪುಟಗಳೂ ಒಟ್ಟಿಗೇ ಸರಿಯಾದವು, ಬರೆದವರು ಏನೂ ಮಾಡಬೇಕಾಗಲಿಲ್ಲ. ವೇಷದ ಫಾಂಟಿನ ಪುಟಗಳಿಗೆ ಆ ಭಾಗ್ಯ ಇಲ್ಲ, ಎಷ್ಟು ಹೊಸ ಬ್ರೌಸರ್ ಬಂದ್ರೂ ಅವು ಹಾಗೇ.

ಒಂದೇ ಕಂಪನಿಯ ಬಾಲ ಹಿಡಿದರೆ ಏನಾಗುತ್ತೆ ಅಂತ ತಿಳೀಲಿಕ್ಕೆ ದಕ್ಷಿಣ ಕೊರಿಯಾ ನೋಡಿ. ನಮಗಿಂತ ಎಷ್ಟೋ ಮುಂದಿರೋ ದೇಶ. 1990ರ ದಶಕದ ಕೊನೆಗೆ ಸುರಕ್ಷತೆಗೆ ಅಂತ ಸ್ವಂತ ಗೂಢಲಿಪಿ ಮಾಡಿಕೊಂಡರು, ಅದನ್ನು ಬ್ರೌಸರಿನಲ್ಲಿ ಓಡಿಸ್ಲಿಕ್ಕೆ ಆರಿಸಿಕೊಂಡದ್ದು ಎಕ್ಸ್‌ಪ್ಲೋರರಿನ ಆಕ್ಟಿವ್‌ಎಕ್ಸ್. ಆಮೇಲೆ ಬ್ಯಾಂಕು, ತೆರಿಗೆ, ಅಂಗಡಿ ಎಲ್ಲವೂ ಅದರ ಮೇಲೇ. ಜಗತ್ತು ಮುಂದೆ ಹೋದ್ರೂ ಇವರು ಹಳೇ ಬ್ರೌಸರು ಬಿಡುವಂತಿರಲಿಲ್ಲ. ಆ ಸರ್ಕಾರಿ ಪ್ರಮಾಣಪತ್ರದ ವ್ಯವಸ್ಥೆ ಕಾನೂನಿನಿಂದ ಪೂರ್ತಿ ಹೋದದ್ದು 2020ರ ಡಿಸೆಂಬರಿನಲ್ಲಿ. ಸುಮಾರು ಇಪ್ಪತ್ತು ವರ್ಷ ಸ್ವಾಮಿ, ಒಂದು ಅವಸರದ ತೀರ್ಮಾನಕ್ಕೆ! ಸ್ವತಃ ಮೈಕ್ರೋಸಾಫ್ಟು ಎಕ್ಸ್‌ಪ್ಲೋರರನ್ನು 2022ರ ಜೂನ್ 15ಕ್ಕೆ ನಿವೃತ್ತಿ ಮಾಡಿತು. ಆದ್ರೂ ಅದರ ಭೂತ ಹೋಗಿಲ್ಲ, ಎಡ್ಜ್ ಬ್ರೌಸರಿನೊಳಗೆ ಕನಿಷ್ಠ 2029ರವರೆಗೆ ಅದಕ್ಕೊಂದು ಗುಡಿ ಕಟ್ಟಿಕೊಟ್ಟಿದ್ದಾರೆ. ನನ್ನ ಕೆಲಸದಲ್ಲೂ ಒಬ್ಬ ಗ್ರಾಹಕರ (ಹೆಸರು ಬೇಡ ಬಿಡಿ) ಒಳಗಿನ ತಂತ್ರಾಂಶ ಆ ಗುಡಿಯಲ್ಲೇ ಓಡೋದು. ಬರೆದವರು ಕೆಲಸ ಬಿಟ್ಟು ಯಾವ ಕಾಲವಾಯ್ತೋ, ಮುಟ್ಟಲಿಕ್ಕೆ ಎಲ್ಲರಿಗೂ ಭಯ. ವರ್ಷಾವಧಿ ಕೋಲ ಕೊಟ್ಟ ಹಾಗೆ ಪ್ರತಿ ವರ್ಷ ಅದಕ್ಕೊಂದು ನಿರ್ವಹಣೆಯ ಬಿಲ್ಲು.

"ಅದೆಲ್ಲ ಹಳೇ ಕಥೆ ಮಾರಾಯ, ಈಗ ಕ್ರೋಮ್ ಇದೆಯಲ್ಲ" ಅಂತ ಗೆಳೆಯರು ಹೇಳ್ತಾರೆ. ನನಗೆ ದಿಗಿಲಾಗೋದು ಅಲ್ಲೇ. 2008ರ ಸೆಪ್ಟೆಂಬರಿನಲ್ಲಿ ಬಂದ ಕ್ರೋಮ್ ಇವತ್ತು ಜಗತ್ತಿನ ಮೂರರಲ್ಲಿ ಎರಡು ಪಾಲಿನ ಹತ್ತಿರ ಆವರಿಸಿದೆ. ಒಪೆರಾ 2013ರಲ್ಲಿ ತನ್ನ ಸ್ವಂತ ಎಂಜಿನ್ ಬಿಟ್ಟು ಅದರ ಕ್ರೋಮಿಯಂ ಎಂಜಿನ್ ಹಾಕ್ಕೊಂಡಿತು, 2020ರ ಜನವರಿಯಿಂದ ಮೈಕ್ರೋಸಾಫ್ಟಿನ ಎಡ್ಜ್ ಕೂಡ ಅದೇ. ಭಾರತ ಸರ್ಕಾರದ ಸ್ವದೇಶಿ ಬ್ರೌಸರ್ ಸ್ಪರ್ಧೆಯಲ್ಲಿ 2025ರಲ್ಲಿ ಗೆದ್ದದ್ದು ಜೋಹೋದ ಉಲಾ. ಬಾನೆಟ್ ಎತ್ತಿ ನೋಡಿದ್ರೆ ಒಳಗೆ ಅದೇ ಕ್ರೋಮಿಯಂ! ತಪ್ಪು ಅಂತಲ್ಲ, ಸೊನ್ನೆಯಿಂದ ಎಂಜಿನ್ ಬರೆಯೋದು ಯಾರಿಗೂ ಸುಲಭದ ಮಾತಲ್ಲ. ಆದರೆ ಊರಿಗೆಲ್ಲ ಒಂದೇ ಬಾವಿ ಆದಾಗ ಬಾವಿಕಟ್ಟೆಯ ಮೇಲೆ ಕೂತವನ ಮಾತೇ ಕಾನೂನು. ಫೈರ್‌ಫಾಕ್ಸು ಬದುಕಿರೋದೂ ಬಹುಪಾಲು ಗೂಗಲ್ ಕೊಡೋ ಹುಡುಕಾಟದ ದುಡ್ಡಿನಿಂದ. ಈಗಿನ ಜಾಲತಾಣ ಮಾಡೋ ಹುಡುಗರು "ಕ್ರೋಮಿನಲ್ಲಿ ಓಡುತ್ತಲ್ಲ, ಸಾಕು" ಅಂತ ಕೈತೊಳ್ಕೊಳ್ಳೋದನ್ನು ನಾನು ದಿನಾ ನೋಡ್ತೇನೆ. ಎಕ್ಸ್‌ಪ್ಲೋರರಿಗೆ ಮಾತ್ರ ಬರೆದವರೂ ಅವತ್ತು ಇದನ್ನೇ ಅಂದಿದ್ದರು.

ಸ್ವದೇಶಿ ವಾದವೂ ಹಾಗೇ. ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಮಿಂಚಂಚೆ ಜೋಹೋಗೆ ಹೋಗಿದೆ ಅಂತ 2025ರಲ್ಲಿ ಸುದ್ದಿಯಾದಾಗ ಕ್ಯಾಂಟೀನಿನಲ್ಲಿ ಎರಡು ಪಕ್ಷ. ಒಂದಕ್ಕೆ ಹೆಮ್ಮೆ, ಇನ್ನೊಂದಕ್ಕೆ ಅನುಮಾನ. ನನ್ನ ಪ್ರಕಾರ ಕೇಳಬೇಕಾದ್ದು ಒಂದೇ: ನಾಳೆ ಅಲ್ಲಿಂದ ಎದ್ದು ಬರಬೇಕು ಅಂದ್ರೆ ಗಂಟುಮೂಟೆ ಸಮೇತ ಬರ್ಲಿಕ್ಕೆ ಆಗುತ್ತಾ? ಮಿಂಚಂಚೆಗೆ ಮುಕ್ತ ಶಿಷ್ಟತೆ ಇದೆ, ಹಾಗಾಗಿ ಆಗುತ್ತೆ. ವರ್ಡು, ಎಕ್ಸೆಲ್ಲಿನಂಥ ಕಡತಗಳಿಗೆ ಮುಕ್ತ ಸ್ವರೂಪದಲ್ಲಿ ಉಳಿಸೋ ಪದ್ಧತಿ ಇದ್ರೆ ಅದೂ ಆಗುತ್ತೆ. ಇಲ್ಲದಿದ್ರೆ ಚೆನ್ನೈಯ ಬೀಗವೂ ಬೀಗವೇ, ಸಿಯಾಟಲ್ಲಿನ ಬೀಗವೂ ಬೀಗವೇ.

ಈಗ ಇದು ಯಾಕೆ ತುರ್ತಿನ ವಿಷಯ ಅಂದ್ರೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕ್ಲಿಕ್ಕೆ ಟಿಪಿಎಂ 2.0 ಚಿಪ್ಪು ಬೇಕು, ಇಂಟೆಲ್ ಆದ್ರೆ ಸುಮಾರಾಗಿ 8ನೇ ತಲೆಮಾರಿನ ಅಥವಾ ನಂತರದ ಪ್ರೊಸೆಸರ್ ಬೇಕು. ಶಾಲೆ, ಸೊಸೈಟಿ, ಸಣ್ಣ ಕಛೇರಿಗಳಲ್ಲಿ ಇರೋ ಹಳೇ ಕಂಪ್ಯೂಟರುಗಳ ಗತಿ ಏನು? ಗುಜರಿಗೆ ಹಾಕಿ ಹೊಸತು ಕೊಳ್ಳೋದಾ, ಇಲ್ಲ ತೂತು ಮುಚ್ಚದ ಹಳೇ ವಿಂಡೋಸಿನಲ್ಲೇ ಜನರ ಆಧಾರ್, ಬ್ಯಾಂಕು ವಿವರ ಇಟ್ಕೊಂಡು ಕೂರೋದಾ?

ಮೂರನೇ ದಾರಿ ಇದೆ. ಅದನ್ನು ನೋಡ್ಲಿಕ್ಕೆ ಕ್ಯಾಲಿಫೋರ್ನಿಯಾಕ್ಕೆ ಹೋಗೋದು ಬೇಡ, ರೈಲಿನಲ್ಲಿ ಕಾಸರಗೋಡಿಗೆ ಹೋದ್ರೆ ಸಾಕು. ಕೇರಳ ಸರ್ಕಾರ ಐಟಿ@ಸ್ಕೂಲ್ ಅಂತ ಶುರುಮಾಡಿ, 2017ರಿಂದ ಕೈಟ್ ಅಂತ ಕರೆಯೋ ಸಂಸ್ಥೆಯ ಮೂಲಕ ಶಾಲೆಗಳನ್ನೆಲ್ಲ ಮುಕ್ತ ತಂತ್ರಾಂಶಕ್ಕೆ ತಂದಿದೆ. ಉಬುಂಟು ಲಿನಕ್ಸನ್ನು ಶಾಲೆಗೆ ತಕ್ಕ ಹಾಗೆ ತಿದ್ದಿ ತಾವೇ ಹಂಚ್ತಾರೆ. 2019ರಲ್ಲಿ ಅವರೇ ಕೊಟ್ಟ ಲೆಕ್ಕದಂತೆ ಎರಡು ಲಕ್ಷ ಕಂಪ್ಯೂಟರು, ಪರವಾನಗಿ ಶುಲ್ಕದಲ್ಲಿ ಉಳಿಯೋದು ಸುಮಾರು 3000 ಕೋಟಿ ರೂಪಾಯಿ. ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು ಅಂತಲೇ ಇಟ್ಕೊಳ್ಳಿ, ಕೆಲಸ ಆಗಿರೋದು ಸುಳ್ಳಲ್ಲವಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದೇ ವ್ಯವಸ್ಥೆಯಲ್ಲಿ ಕಲಿಯೋರು. ಗಡಿಯಾಚೆ, ಭಾಷಾ ಅಲ್ಪಸಂಖ್ಯಾತರಾಗಿ ಕೂತ ಕನ್ನಡದ ಮಕ್ಕಳಿಗೆ ಸಾಧ್ಯವಾದದ್ದು ಕನ್ನಡದ್ದೇ ರಾಜ್ಯದಲ್ಲಿ ನಮ್ಮ ಸಣ್ಣ ಕಛೇರಿಗೆ ಅಸಾಧ್ಯ ಅಂದ್ರೆ ನಾನು ನಂಬೋದಿಲ್ಲ.

ಇನ್ನು ಎದುರು ಪಕ್ಷದ ಮಾತನ್ನೂ ಕೇಳ್ಬೇಕು, ಅದು ಪೂರ್ತಿ ಸುಳ್ಳಲ್ಲ. ಕಛೇರಿಯ ಗುಮಾಸ್ತರಿಗೆ ಹದಿನೈದು ವರ್ಷದಿಂದ ಬೆರಳಿಗೆ ಕೂತಿರೋದು ಹಳೇ ನುಡಿ. ಟೇಬಲ್ಲಿನ ಮೇಲೆ ಕಡತದ ರಾಶಿ, ಎದುರಿಗೆ ಸಾಲು ನಿಂತ ಜನ. ನಡುವೆ ಹೊಸತು ಕಲಿ ಅಂದ್ರೆ ಯಾರಿಗೆ ಸಿಟ್ಟು ಬರೋದಿಲ್ಲ? ಇನ್ನು ಪ್ರೆಸ್ಸಿನವರು. ಮದುವೆ ಕಾಗದ, ಯಕ್ಷಗಾನದ ಕರಪತ್ರ, ದೇವಸ್ಥಾನದ ಆಮಂತ್ರಣ ಎಷ್ಟೋ ಕಡೆ ಇವತ್ತಿಗೂ ಪೇಜ್‌ಮೇಕರಿನಲ್ಲೇ ತಯಾರಾಗೋದು. ಆ ಪೇಜ್‌ಮೇಕರಿನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ, ಅದಕ್ಕೆ ಯುನಿಕೋಡ್ ಕನ್ನಡ ಬರೋದೇ ಇಲ್ಲ. ಹೊಸ ತಂತ್ರಾಂಶಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟು ಅಂದ್ರೆ ಸಣ್ಣ ಪ್ರೆಸ್ಸಿನವರು ಎಲ್ಲಿಂದ ತರ್ತಾರೆ? ಮುದ್ದಾದ ಯುನಿಕೋಡ್ ಅಕ್ಷರಶೈಲಿಗಳು ಬೆರಳೆಣಿಕೆಯಷ್ಟೇ ಇದ್ದ ಕಾಲವೂ ಬಹಳ ಹಿಂದಿನದ್ದಲ್ಲ.

ಒಪ್ಪಿದೆ. ಆದ್ರೆ ಪ್ರೆಸ್ಸಿನವರ ಕಷ್ಟ ಬೇರೆ, ಕಛೇರಿಯ ಜವಾಬ್ದಾರಿ ಬೇರೆ. ಮದುವೆ ಕಾಗದ ಮದುವೆ ಆದ ಮೇಲೆ ಯಾರಿಗೂ ಬೇಡ. ನಡಾವಳಿ, ಫಲಾನುಭವಿ ಪಟ್ಟಿ, ಜಾಗದ ಗಡಿಯ ವಿವರ ಮೊಮ್ಮಕ್ಕಳ ಕಾಲಕ್ಕೂ ಬೇಕು. ಗುಮಾಸ್ತರ ಬೆರಳನ್ನು ಬದಲಿಸೋ ಅಗತ್ಯವೂ ಇಲ್ಲ. ನುಡಿಯ ಈಚಿನ ಆವೃತ್ತಿಗಳಲ್ಲಿ ಅದೇ ಕೀಲಿ ಒತ್ತಿ ಯುನಿಕೋಡ್ ಬರೆಯಬಹುದು, ಲಿನಕ್ಸಿನಲ್ಲೂ ಕೆ.ಪಿ. ರಾಯರ ಜಾಡಿನ ವಿನ್ಯಾಸ ಸಿಗುತ್ತೆ. ಬದಲಾಗಬೇಕಾದ್ದು ಬೆರಳಲ್ಲ, ಒಂದು ಆಯ್ಕೆಯ ಗುಂಡಿ. ಕಾನೂನಿನ ಕೊರತೆಯೂ ಇಲ್ಲ. ಕೇಂದ್ರ ಸರ್ಕಾರ 2009ರಲ್ಲೇ ಇ-ಆಡಳಿತಕ್ಕೆ ಯುನಿಕೋಡ್ ಶಿಷ್ಟತೆ ಅಂದಿತು, 2010ರಲ್ಲಿ ಮುಕ್ತ ಶಿಷ್ಟತೆಗಳ ನೀತಿ ತಂದಿತು, 2015ರಲ್ಲಿ ಮುಕ್ತ ತಂತ್ರಾಂಶದ ನೀತಿಯನ್ನೂ. ಕಾಗದದ ಮೇಲೆ ಎಲ್ಲ ಇದೆ. (ಆ ಕಾಗದ ಯಾವ ಫಾಂಟಿನಲ್ಲಿದೆ ಅಂತ ಮಾತ್ರ ಕೇಳ್ಬೇಡಿ.)

ಹಾಗಾದ್ರೆ ನಾವು ಮಾಡೋದೇನು? ದೊಡ್ಡ ಕ್ರಾಂತಿ ಬೇಡ. ಒಂದು, ಯಾವುದೇ ಕಛೇರಿ, ಸೊಸೈಟಿ, ಸಂಘದಿಂದ ವೇಷದ ಫಾಂಟಿನ ಕಡತ ಬಂದ್ರೆ "ದಯವಿಟ್ಟು ಯುನಿಕೋಡಿನಲ್ಲಿ ಕಳಿಸಿ, ಮೊಬೈಲಿನಲ್ಲಿ ಓದ್ಲಿಕ್ಕೆ ಆಗೋದಿಲ್ಲ" ಅಂತ ಮರ್ಯಾದೆಯಿಂದ ವಾಪಸು ಬರೆಯೋದು. ಹತ್ತು ಜನ ಬರೆದ್ರೆ ಹನ್ನೊಂದನೆಯ ನೋಟೀಸು ಸರಿಯಾಗಿ ಬರುತ್ತೆ. ಎರಡು, ಊರಿಗೆ ರಜೆಗೆ ಹೋದ ಇಂಜಿನಿಯರುಗಳು ಒಂದು ಮಧ್ಯಾಹ್ನ ಆ ಕಛೇರಿಯ ಹಳೇ ಕಡತಗಳನ್ನು ಪರಿವರ್ತಿಸಿ ಕೊಡೋದು. ಪರಿವರ್ತಕಗಳು ಉಚಿತ. ಆದ್ರೆ ನಡುನಡುವೆ ಬರೋ ಇಂಗ್ಲಿಷ್ ಪದಗಳನ್ನೂ ಅದು ಕನ್ನಡ ಮಾಡಿಬಿಡುತ್ತೆ, ಹಾಗಾಗಿ ಒಮ್ಮೆ ಕೂತು ಓದಲೇಬೇಕು, ಮೂಲ ಕಡತ ಅಳಿಸಬಾರದು. ಮೂರು, ವಿಂಡೋಸ್ 10ರ ಹಳೇ ಯಂತ್ರವನ್ನು ಗುಜರಿಗೆ ಹಾಕೋ ಮೊದಲು ಒಂದರ ಮೇಲೆ ಲಿನಕ್ಸ್ ಹಾಕಿ ಒಂದು ತಿಂಗಳು ನೋಡೋದು. ನಡೆಯದಿದ್ರೆ ಬಿಡಿ, ನಷ್ಟ ಏನು? ನಾಲ್ಕು, ಇದು ನಮ್ಮಂಥವರಿಗೆ: ನಾವು ಮಾಡೋ ಪುಟವನ್ನು ಕ್ರೋಮಿನ ಹೊರಗೂ ಒಮ್ಮೆ ತೆರೆದು ನೋಡೋದು. ಸಂಬಳ ತಗೊಂಡು ಮಾಡೋ ಕೆಲಸ, ಇಷ್ಟು ನಿಯತ್ತು ಬೇಡ್ವಾ?

ಇಷ್ಟು ಮಾಡಿದ ಮೇಲೆ ಕ್ರೋಮಾ ಫೈರ್‌ಫಾಕ್ಸಾ ಅಂತ ಎಷ್ಟು ಬೇಕಾದ್ರೂ ಜಗಳ ಆಡಿ, ನಾನೂ ಬರ್ತೇನೆ. (ನನ್ನ ಓಟು ಫೈರ್‌ಫಾಕ್ಸಿಗೆ, ಈ ಬಾವಿ ಬತ್ತಿದ್ರೆ ಕುಡೀಲಿಕ್ಕೆ ಇನ್ನೊಂದು ಇರಲಿ ಅಂತ.) ಕಂಪನಿಗಳು ಬರ್ತವೆ, ಹೋಗ್ತವೆ. ನೆಟ್‌ಸ್ಕೇಪ್ ಹೋಯ್ತು, ಎಕ್ಸ್‌ಪ್ಲೋರರ್ ಹೋಯ್ತು, ಪೇಜ್‌ಮೇಕರ್ ಅಡೋಬಿಯವರಿಗೇ ಮರೆತುಹೋಗಿರಬಹುದು. ನಮ್ಮೂರಿನ ನೋಟೀಸು ಮಾತ್ರ ಅಪ್ಪಯ್ಯನಿಗೆ ತನ್ನ ಮೊಬೈಲಿನಲ್ಲಿ, ನನಗೆ ಫೋನು ಮಾಡದೆ, ಓದ್ಲಿಕ್ಕೆ ಬರ್ಬೇಕು.

ಅಷ್ಟು ಕೇಳೋದು ಹೆಚ್ಚಾಯ್ತಾ? ಏನಂತೀರಿ?